ಬೈಯುತ್ತಲೇ ಬೆಂಗಳೂರು ಸೇರುವವರು

ಕೇಂದ್ರ ಸರ್ಕಾರ 2018ರಲ್ಲಿ ಮೊದಲ ಸಲ ‘ಸುಗಮ ಜೀವನ ಸೂಚ್ಯಂಕ’ ಪ್ರಕಟಿಸಿದಾಗ ಬೆಂಗಳೂರಿಗೆ ಸಿಕ್ಕಿದ್ದು 58ನೇ ಸ್ಥಾನ. ಪುಣೆ ಮೊದಲು, ನವಿ ಮುಂಬೈ ಎರಡನೆಯದು. ಬೆಂಗಳೂರಿಗರಿಗೆ ಅವಮಾನವಾಯಿತು, ಉಳಿದ ಊರಿನವರಿಗೆ ಒಳಗೊಳಗೇ ಖುಷಿಯಾಯಿತು. 2021ರ ಮಾರ್ಚಿನಲ್ಲಿ ಅದೇ ಸೂಚ್ಯಂಕದ ಮುಂದಿನ ಪಟ್ಟಿ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳ ಪೈಕಿ ದೇಶಕ್ಕೇ ಬೆಂಗಳೂರು ಮೊದಲು! ಪುಣೆ ಎರಡನೆಯ ಸ್ಥಾನಕ್ಕೆ ಸರಿದಿತ್ತು. ಮರುವರ್ಷ ಲಂಡನ್ನಿನ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯುನಿಟ್ ಜಗತ್ತಿನ 170ಕ್ಕೂ ಹೆಚ್ಚು ನಗರಗಳನ್ನು ಅಳೆದು ನೋಡಿ ಬೆಂಗಳೂರನ್ನು 146ನೇ ಸ್ಥಾನದಲ್ಲಿ ಕೂರಿಸಿತು. ಪಟ್ಟಿಯಲ್ಲಿದ್ದ ಭಾರತದ ಐದು ನಗರಗಳಲ್ಲಿ ಇದೇ ಕೊನೆಯದು.

ನಾಲ್ಕು ವರ್ಷದಲ್ಲಿ ಒಂದೇ ಊರು 58, 1, 146. ಅಷ್ಟೂ ಕಾಲ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನಗಳು ಮಾತ್ರ ಇದ್ದಲ್ಲೇ ಇದ್ದವು.

ಇಂಥ ಪಟ್ಟಿಗಳನ್ನು ನೋಡಿ ನಕ್ಕು ಸುಮ್ಮನಾಗಬಹುದು. ಆದರೆ ಯಾರೂ ಸುಮ್ಮನಾಗುವುದಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ, ರೈಲಿನ ಸ್ಲೀಪರ್ ಬೋಗಿಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ ಒಂದಲ್ಲ ಒಂದು ದಿನ ಈ ಜಗಳ ಏಳುತ್ತದೆ. ಮೈಸೂರಿನವರು ಬೆಂಗಳೂರನ್ನು ‘ಅದೂ ಒಂದು ಊರಾ’ ಅನ್ನುತ್ತಾರೆ. ಹುಬ್ಬಳ್ಳಿಯವರು ‘ಆ ಟ್ರಾಫಿಕ್ಕಿನ್ಯಾಗ ಯಾವ ಮನಿಷಾ ಇರ್ತಾನ’ ಅನ್ನುತ್ತಾರೆ. ಮಂಗಳೂರಿನವರು ಮೀನು ಸಿಗದ ಊರಿನ ಬಗ್ಗೆ ಕನಿಕರ ತೋರಿಸುತ್ತಾರೆ. ಹೀಗೆ ಅನ್ನುವವರಲ್ಲಿ ಬಹುಪಾಲು ಮಂದಿಯ ಮಗಳೋ ಅಳಿಯನೋ ತಮ್ಮನೋ ಬೆಂಗಳೂರಿನಲ್ಲೇ ಇರುತ್ತಾರೆ. ಎಷ್ಟೋ ಸಲ ಹಾಗೆ ಅನ್ನುವವರೇ ಅಲ್ಲಿರುತ್ತಾರೆ.

ಪಟ್ಟಿಗಳು ಯಾಕೆ ಹೀಗೆ ಮೇಲೆ ಕೆಳಗೆ ಕುಣಿಯುತ್ತವೆ ಎಂಬುದಕ್ಕೆ ಉತ್ತರ ಅವುಗಳ ಒಳಗೇ ಇದೆ. ಮರ್ಸರ್ ಎಂಬ ಸಲಹಾ ಸಂಸ್ಥೆ ವರ್ಷಗಟ್ಟಲೆ ಜೀವನಮಟ್ಟದ ಪಟ್ಟಿ ಕೊಡುತ್ತ ಬಂದಿದೆ. 2019ರ ಅದರ ಪಟ್ಟಿಯಲ್ಲಿ ಹೈದರಾಬಾದ್ ಮತ್ತು ಪುಣೆ ಭಾರತಕ್ಕೆ ಮೊದಲಾಗಿ 143ನೇ ಸ್ಥಾನ ಹಂಚಿಕೊಂಡಿದ್ದವು. ಬೆಂಗಳೂರು 149, ದೆಹಲಿ 162. ಈ ಪಟ್ಟಿ ಹುಟ್ಟಿದ್ದು ಯಾರಿಗಾಗಿ? ಬಹುರಾಷ್ಟ್ರೀಯ ಕಂಪನಿಯೊಂದು ತನ್ನ ಜರ್ಮನ್ ಅಥವಾ ಅಮೆರಿಕನ್ ಅಧಿಕಾರಿಯನ್ನು ಪರದೇಶಕ್ಕೆ ಕಳಿಸುವಾಗ ‘ಕಷ್ಟದ ಭತ್ಯೆ’ ಎಷ್ಟು ಕೊಡಬೇಕೆಂದು ಲೆಕ್ಕ ಹಾಕುವುದಕ್ಕೆ. ಎಕನಾಮಿಸ್ಟ್ ಸಂಸ್ಥೆಯ ಪಟ್ಟಿಗೂ ಮೂಲ ಉಪಯೋಗ ಅದೇ. ಅದು ಸ್ಥಿರತೆ, ಆರೋಗ್ಯ, ಸಂಸ್ಕೃತಿ ಮತ್ತು ಪರಿಸರ, ಶಿಕ್ಷಣ, ಮೂಲಸೌಕರ್ಯ ಎಂಬ ಐದು ಬಾಬತ್ತುಗಳಿಗೆ ಅಂಕ ಕೊಡುತ್ತದೆ. ಮನೆ ಬಾಡಿಗೆ, ದಿನಸಿ ಬೆಲೆ ಇದರಲ್ಲಿ ಸೇರುವುದಿಲ್ಲ. ಅದಕ್ಕೆ ಬೇರೆಯೇ ಸಮೀಕ್ಷೆ ಇದೆ. ಮೆಲ್ಬರ್ನ್ 2011ರಿಂದ 2017ರವರೆಗೆ ಸತತ ಏಳು ವರ್ಷ ಆ ಪಟ್ಟಿಯ ತುದಿಯಲ್ಲಿತ್ತು. ಅಲ್ಲಿ ಮನೆ ಕೊಳ್ಳಲಾಗದೆ ಹೊರವಲಯಕ್ಕೆ ಸರಿದವರಿಗೆ ಆ ಹೆಗ್ಗಳಿಕೆಯಿಂದ ಏನು ಸಿಕ್ಕಿತೋ.

ನಮ್ಮ ಸರ್ಕಾರದ ಸೂಚ್ಯಂಕ ಹಾಗಿರಲಿಲ್ಲ. ಜನರ ಅಭಿಪ್ರಾಯಕ್ಕೂ ಅದರಲ್ಲಿ ಶೇ 30ರಷ್ಟು ಪಾಲಿತ್ತು. ಆದರೂ ಬೆಂಗಳೂರು ಗೆದ್ದ ಬಗೆಯನ್ನು ಬಿಡಿಸಿ ನೋಡಬೇಕು. ಜೀವನ ಗುಣಮಟ್ಟದ ವಿಭಾಗದಲ್ಲಿ ಮುಂದಿದ್ದದ್ದು ಚೆನ್ನೈ. ಸುಸ್ಥಿರತೆಯಲ್ಲಿ ಪುಣೆ. ‘ನಮ್ಮೂರು ಚೆನ್ನಾಗಿದೆ’ ಎಂದು ಅತಿ ಹೆಚ್ಚು ತೃಪ್ತಿ ಕಂಡದ್ದು ಭುವನೇಶ್ವರದಲ್ಲಿ. ಬೆಂಗಳೂರು ಎಲ್ಲರನ್ನೂ ಹಿಂದೆ ಹಾಕಿದ್ದು ‘ಆರ್ಥಿಕ ಸಾಮರ್ಥ್ಯ’ ಎಂಬ ಒಂದು ವಿಭಾಗದಲ್ಲಿ. ಅಲ್ಲಿ ಅದಕ್ಕೆ 78 ದಾಟಿದ ಅಂಕ, ಎರಡನೆಯದಾದ ದೆಹಲಿಗೆ 50ರ ಆಸುಪಾಸು. ದುಡಿಮೆಗೆ ಮೊದಲ ದರ್ಜೆ, ಉಳಿದದ್ದಕ್ಕೆ ಹೇಗೋ ಪಾಸು. ಮಕ್ಕಳ ಅಂಕಪಟ್ಟಿಯಲ್ಲಿ ಒಂದೇ ವಿಷಯಕ್ಕೆ ನೂರು ಬಂದರೆ ಅಪ್ಪ ಅಮ್ಮ ಮಾಡುವುದನ್ನೇ ಸರ್ಕಾರವೂ ಮಾಡಿತು, ಸರಾಸರಿ ತೋರಿಸಿ ಹಿಗ್ಗಿತು.

ಅದೇ ಸಲ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳ ಪಟ್ಟಿಯೂ ಬಂದಿತ್ತು. ಶಿಮ್ಲಾ ಮೊದಲಿದ್ದ ಆ ಪಟ್ಟಿಯಲ್ಲಿ ದಾವಣಗೆರೆ ದೇಶಕ್ಕೆ ಒಂಬತ್ತನೆಯದು. ಬೆಣ್ಣೆ ದೋಸೆಯ ಊರು ಇಂಥದ್ದೊಂದು ಸ್ಥಾನ ಗಳಿಸಿದೆ ಎಂದು ರಾಜ್ಯದಲ್ಲಿ ಎಷ್ಟು ಜನ ನೆನಪಿಟ್ಟುಕೊಂಡಿದ್ದಾರೆ? ಆ ಪಟ್ಟಿ ನೋಡಿ ಬೆಂಗಳೂರು ಬಿಟ್ಟು ದಾವಣಗೆರೆಗೆ ಮನೆ ಬದಲಿಸಿದವರಂತೂ ಕಾಣಲಿಲ್ಲ.

ಊರುಗಳ ನಡುವಿನ ಜಿದ್ದು ಈಗ ಮಂತ್ರಿಗಳ ಮಟ್ಟಕ್ಕೂ ಏರಿದೆ. 2022ರ ಏಪ್ರಿಲಿನಲ್ಲಿ ಬೆಂಗಳೂರಿನ ನವೋದ್ಯಮಿಯೊಬ್ಬರು ರಸ್ತೆ, ನೀರು, ವಿದ್ಯುತ್ತಿನ ಅವಸ್ಥೆಯ ಬಗ್ಗೆ ಟ್ವಿಟರಿನಲ್ಲಿ ಗೊಣಗಿದರು. ತೆಲಂಗಾಣದ ಆಗಿನ ಐಟಿ ಸಚಿವ ಕೆ.ಟಿ. ರಾಮರಾವ್ ತಕ್ಷಣ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿಗೆ ಬನ್ನಿ ಎಂದು ಕರೆದರು. ಆಗ ವಿರೋಧ ಪಕ್ಷದಲ್ಲಿದ್ದ ಡಿ.ಕೆ. ಶಿವಕುಮಾರ್ ಸವಾಲು ಸ್ವೀಕರಿಸಿ, 2023ರ ಕೊನೆಯೊಳಗೆ ಕಾಂಗ್ರೆಸ್ ಅಧಿಕಾರಕ್ಕೆ ಬಂದು ಬೆಂಗಳೂರಿನ ವೈಭವ ಮರಳಿ ತರುತ್ತದೆ ಎಂದರು. 2023 ಮುಗಿಯುವ ಹೊತ್ತಿಗೆ ಶಿವಕುಮಾರ್ ಬೆಂಗಳೂರು ಅಭಿವೃದ್ಧಿ ಸಚಿವರಾಗಿದ್ದರು. ತೆಲಂಗಾಣದಲ್ಲೂ ಅವರದೇ ಪಕ್ಷ ಗೆದ್ದು ರಾಮರಾವ್ ವಿರೋಧ ಪಕ್ಷಕ್ಕೆ ಹೋಗಿದ್ದರು. ರಸ್ತೆಗುಂಡಿಗಳಿಗೆ ಪಕ್ಷಭೇದ ಇರಲಿಲ್ಲ.

ಕರೆಯುವವರು ಆಮೇಲೆ ಆಂಧ್ರದಿಂದಲೂ ಬಂದರು. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಯನ್ನು ಕರ್ನಾಟಕ 2024ರ ಜುಲೈನಲ್ಲಿ ಮುಂದಿಟ್ಟು, ಉದ್ಯಮಗಳ ಗದ್ದಲಕ್ಕೆ ಬೆದರಿ ತಡೆಹಿಡಿಯಿತು. ಆಂಧ್ರದ ಸಚಿವ ನಾರಾ ಲೋಕೇಶ್ ಆ ಗದ್ದಲದ ನಡುವೆಯೇ ವಿಶಾಖಪಟ್ಟಣಕ್ಕೆ ಬನ್ನಿ ಎಂದರು. 2025ರಲ್ಲಿ ದೇವನಹಳ್ಳಿಯ 1,777 ಎಕರೆ ಭೂಸ್ವಾಧೀನವನ್ನು ರೈತರ ಹೋರಾಟಕ್ಕೆ ಮಣಿದು ಕೈಬಿಟ್ಟಾಗ ಮತ್ತೆ ಅದೇ ಆಹ್ವಾನ. ಬೆಂಗಳೂರಿನ ಒಂದೊಂದು ಎಡವಟ್ಟಿಗೂ ಪಕ್ಕದ ಮನೆಯವರು ಬಾಗಿಲು ತೆರೆದಿಟ್ಟು ಕಾಯುತ್ತಿದ್ದಾರೆ.

ಹೈದರಾಬಾದಿನ ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಅಲ್ಲಿನ ಹೊರವರ್ತುಲ ರಸ್ತೆ 158 ಕಿಲೋಮೀಟರು, ಎಂಟು ಪಥ, ನಗರದ ಸುತ್ತ ಪೂರ್ತಿಯಾಗಿದೆ. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಗೆ 2007ರಲ್ಲೇ ಅಧಿಸೂಚನೆ ಹೊರಟಿತು. ಹೆಸರು ಬದಲಾಯಿತು, ಪರಿಹಾರದ ಲೆಕ್ಕ ಬದಲಾಯಿತು, ರಸ್ತೆ ಮಾತ್ರ ಆಗಲಿಲ್ಲ. ಜಮೀನು ಮಾರಲೂ ಆಗದೆ ಮನೆ ಕಟ್ಟಲೂ ಆಗದೆ ರೈತರು ಎರಡು ದಶಕ ಕಳೆದರು. ಬೆಂಗಳೂರಿನ ಕಡೆಯವರಿಗೆ ಉತ್ತರವಾಗಿ ಸಿಗುವುದು ಮೆಟ್ರೊ. 2011ರಲ್ಲೇ ಶುರುವಾಗಿ, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಸೇರಿ ಅದು 96 ಕಿಲೋಮೀಟರು ಆಗಿದೆ; ಹೈದರಾಬಾದಿನದು 69. ಜೊತೆಗೆ ಹವೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ ಕುಳಿತ ಊರಿನ ಸಂಜೆಯ ಗಾಳಿಯನ್ನು ಯಾವ ಸಚಿವರೂ ಟ್ವೀಟ್ ಮಾಡಿ ತರಿಸಿಕೊಳ್ಳಲಾರರು.

ಇಷ್ಟೆಲ್ಲ ಹೇಳುವಾಗ ಹೈದರಾಬಾದನ್ನು ಪರವೂರು ಎಂದು ಭಾವಿಸುವುದು ಬೆಂಗಳೂರಿನವರ ಅಭ್ಯಾಸ. ಬೀದರಿನವರಿಗೆ ಹಾಗಲ್ಲ. ಬೀದರಿನಿಂದ ಹೈದರಾಬಾದಿಗೆ 150 ಕಿಲೋಮೀಟರು ಆಗುವುದಿಲ್ಲ. ಬೆಂಗಳೂರು 650 ದಾಟುತ್ತದೆ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಹೆಚ್ಚಿನ ಓದಿಗೆ ಉಸ್ಮಾನಿಯಾ, ದೊಡ್ಡ ಕಾಯಿಲೆಗೆ ಅಲ್ಲಿನ ದವಾಖಾನಿ, ಮದುವೆ ಸೀರೆಗೆ ಅಲ್ಲಿನ ಅಂಗಡಿ. ಇವತ್ತಿಗೂ ಆ ಕಡೆ ಎಷ್ಟೋ ಮನೆಗಳಲ್ಲಿ ‘ಸಿಟಿಗೆ ಹೋಗಿ ತೋರಿಸ್ಕೊಂಡು ಬರ್ರಿ’ ಎಂದರೆ ಹೈದರಾಬಾದಿನ ಬಸ್ಸು ಹತ್ತಿ ಎಂದೇ ಅರ್ಥ.

ಏಕೀಕರಣಕ್ಕೆ ಮುಂಚೆ ಕನ್ನಡಿಗರಿಗೆ ದೊಡ್ಡ ಊರು ಒಂದೇ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರದವರು ಮುಂಬೈ ಪ್ರಾಂತ್ಯದವರು. ಅವರ ಕಣ್ಣು ಪುಣೆ, ಸೊಲ್ಲಾಪುರ, ಮೀರಜಿನ ಆಸ್ಪತ್ರೆ, ಮುಂಬೈಯ ಗಿರಣಿಗಳ ಕಡೆ. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಓದಿದವರು ಮದ್ರಾಸಿಗೆ, ದುಡಿಯುವವರು ಮುಂಬೈಗೆ. ಮಾಟುಂಗದ ಉಡುಪಿ ಹೋಟೆಲುಗಳು, ಮುಂಬೈಯ ಕನ್ನಡ ರಾತ್ರಿಶಾಲೆಗಳು ಎದ್ದದ್ದು ಹಾಗೆ. ಆ ಕಾಲದ ಕುಂದಾಪುರದ ಹುಡುಗ ಮನೆ ಬಿಟ್ಟು ಓಡಿದರೆ ಮುಂಬೈಗೇ ಓಡುತ್ತಿದ್ದ. ಬೆಂಗಳೂರು ಹಳೆ ಮೈಸೂರಿನವರ ಊರು; ಅವರಿಗೂ ಅರಮನೆ ಇದ್ದದ್ದು ಮೈಸೂರಿನಲ್ಲಿ. ಈಗಿನ ಹುಬ್ಬಳ್ಳಿ–ಬೆಂಗಳೂರು, ಕಲಬುರಗಿ–ಬೆಂಗಳೂರು ಜಗಳಗಳ ಬೇರು ಇಲ್ಲಿದೆ. ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ್ದ ಜನ 1956ರ ನವೆಂಬರ್ 1ರಂದು ಒಂದೇ ದಿಕ್ಕಿಗೆ ತಿರುಗಬೇಕಾಯಿತು. ಬೆಂಗಳೂರಿನಲ್ಲಿ ಆ ಹೊತ್ತಿಗೆ ವಿಧಾನಸೌಧ ಎದ್ದು ನಿಂತಿತ್ತು.

ಆಸ್ಟ್ರೇಲಿಯದವರು ಇಂಥ ಜಗಳವನ್ನು ಸಂವಿಧಾನದಲ್ಲೇ ಬರೆದಿಟ್ಟರು. ಸಿಡ್ನಿ ಮತ್ತು ಮೆಲ್ಬರ್ನ್ ಎರಡೂ ರಾಜಧಾನಿ ಪಟ್ಟಕ್ಕೆ ಹಟ ಹಿಡಿದಾಗ, ರಾಜಧಾನಿ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸಿನಲ್ಲೇ ಇರಬೇಕು, ಆದರೆ ಸಿಡ್ನಿಯಿಂದ ಕನಿಷ್ಠ ನೂರು ಮೈಲಿ ದೂರ ಇರಬೇಕು, ಅದು ಕಟ್ಟಿ ಮುಗಿಯುವವರೆಗೆ ಸಂಸತ್ತು ಮೆಲ್ಬರ್ನಿನಲ್ಲಿ ಸೇರಬೇಕು ಎಂದು ಒಪ್ಪಂದವಾಯಿತು. ಕ್ಯಾನ್‌ಬೆರಾ ಹುಟ್ಟಿದ್ದು ಹೀಗೆ. ಸಂಸತ್ತು ಅಲ್ಲಿಗೆ ಹೋದದ್ದು 1927ರಲ್ಲಿ. ಎರಡೂ ಊರುಗಳು ಇಂದಿಗೂ ಸರಿಸಮ, ಇಂದಿಗೂ ಜಗಳ. ಸರಿಸಮರ ಜಗಳಕ್ಕೆ ಒಂದು ಸೊಗಸಿದೆ.

ನಮ್ಮಲ್ಲಿ ಸರಿಸಮ ಎಲ್ಲಿದೆ? 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ. ಎರಡನೇ ಸ್ಥಾನದ ಹುಬ್ಬಳ್ಳಿ–ಧಾರವಾಡ 9.4 ಲಕ್ಷ, ಮೈಸೂರು 9 ಲಕ್ಷದ ಸುತ್ತ, ಕಲಬುರಗಿ ಐದು ಲಕ್ಷ ಚಿಲ್ಲರೆ, ಬೆಳಗಾವಿ ಮತ್ತು ಮಂಗಳೂರು ಐದರ ಹತ್ತಿರ. ಮೊದಲನೆಯದರ ಒಂಬತ್ತನೇ ಒಂದು ಭಾಗ ಎರಡನೆಯದು! ಅದೇ ಗಣತಿಯಲ್ಲಿ ಗುಜರಾತಿನ ಅಹಮದಾಬಾದ್ 55 ಲಕ್ಷ, ಸೂರತ್ 44 ಲಕ್ಷ. ತಮಿಳುನಾಡಿನಲ್ಲಿ ಚೆನ್ನೈ ಎಷ್ಟೇ ದೊಡ್ಡದಿರಲಿ, ಕೊಯಮತ್ತೂರು ಮಹಾನಗರ ಪ್ರದೇಶ 21 ಲಕ್ಷ ದಾಟಿತ್ತು, ಮದುರೆ 14 ಲಕ್ಷ, ತಿರುಚ್ಚಿ 10 ಲಕ್ಷ. ಅಲ್ಲಿ ಪಂಪ್‌ಸೆಟ್ ಕಾರ್ಖಾನೆಯ ಎಂಜಿನಿಯರ್ ಕೊಯಮತ್ತೂರಿನಲ್ಲೇ ಕೆಲಸ ಬದಲಿಸಿ ಕೊಯಮತ್ತೂರಿನಲ್ಲೇ ನಿವೃತ್ತನಾಗಬಹುದು. ಕರ್ನಾಟಕದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆ ಒಂದರದೇ.

ಇದು ಐಟಿಯಿಂದ ಶುರುವಾದದ್ದು ಎಂದು ತಿಳಿದವರೇ ಹೆಚ್ಚು. 1809ರಲ್ಲಿ ಬ್ರಿಟಿಷರ ದಂಡು ಬಂದು ಕುಳಿತಾಗಲೇ ಮೊದಲ ಕಲ್ಲು ಬಿತ್ತು. 1831ರಲ್ಲಿ ಅವರು ಮೈಸೂರಿನ ಆಡಳಿತ ಕೈಗೆ ತೆಗೆದುಕೊಂಡು ಕಚೇರಿಗಳನ್ನು ಬೆಂಗಳೂರಿಗೆ ತಂದರು. ಐವತ್ತು ವರ್ಷದ ಮೇಲೆ 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು, ಕಚೇರಿಗಳು ಮರಳಲಿಲ್ಲ. 1898ರ ಪ್ಲೇಗಿನ ಪೆಟ್ಟಿಗೆ ಬಸವನಗುಡಿ, ಮಲ್ಲೇಶ್ವರ ಹರಡಿಕೊಂಡವು. 1909ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, 1940ರಲ್ಲಿ ಎಚ್‌ಎಎಲ್, ಸ್ವಾತಂತ್ರ್ಯದ ನಂತರ ಐಟಿಐ, ಎಚ್‌ಎಂಟಿ, ಬಿಇಎಲ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬರುವ ಹೊತ್ತಿಗೆ ಊರಿನಲ್ಲಿ ಎಂಜಿನಿಯರುಗಳ ಎರಡು ತಲೆಮಾರು ಆಗಿತ್ತು. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೊಸಿಸ್ ಎರಡೇ ವರ್ಷಕ್ಕೆ ಇಲ್ಲಿಗೆ ಬಂತು. ಕೆಲಸ ಇದ್ದಲ್ಲಿಗೆ ಜನ, ಜನ ಇದ್ದಲ್ಲಿಗೆ ಇನ್ನಷ್ಟು ಕೆಲಸ. ಈ ಚಕ್ರವನ್ನು ಹಿಂದಕ್ಕೆ ತಿರುಗಿಸುವುದು ‘ಬಿಯಾಂಡ್ ಬೆಂಗಳೂರು’ ಥರದ ಯೋಜನೆಗಳಿಗೆ ಇನ್ನೂ ಸಾಧ್ಯವಾಗಿಲ್ಲ.

ಸೋತರೂ ಸೋಲೊಪ್ಪದ ಊರು ಮೈಸೂರು. 1903ರಲ್ಲೇ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡ್ ಮಾಡಿಕೊಂಡು ಅಗಲ ರಸ್ತೆ, ಚರಂಡಿ, ಬಡಾವಣೆ ಯೋಜಿಸಿದ ಊರದು. 2015 ಮತ್ತು 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರ ಎನಿಸಿತು. 2017ರಲ್ಲಿ ಇಂದೋರ್ ಆ ಪಟ್ಟ ಕಿತ್ತುಕೊಂಡದ್ದು ಮೈಸೂರಿನವರಿಗೆ ಇನ್ನೂ ನೋವು. ಇಂದೋರ್ ಆಮೇಲೆ ವರ್ಷದಿಂದ ವರ್ಷಕ್ಕೆ ಬಿಟ್ಟುಕೊಡಲೇ ಇಲ್ಲ. ಒಂದು ಕಾಲದಲ್ಲಿ ಬೆಂಗಳೂರಿಗಿದ್ದ ‘ಪಿಂಚಣಿದಾರರ ಸ್ವರ್ಗ’ ಎಂಬ ಬಿರುದು ಈಗ ಮೈಸೂರಿನ ಹೆಗಲೇರಿದೆ. ಅದರಲ್ಲೊಂದು ಕಹಿಯೂ ಇದೆ. ಕುವೆಂಪುನಗರದ, ಸರಸ್ವತಿಪುರದ ಎಷ್ಟೋ ಮನೆಗಳಲ್ಲಿ ಮಹಡಿ ಮೇಲಿನ ಕೋಣೆಗೆ ಬೀಗ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ.

ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ನೋಡಿದರೆ ಈ ಎರಡು ಊರುಗಳ ಸಂಬಂಧ ಅರ್ಥವಾಗುತ್ತದೆ. ಪಾಸುದಾರರ ಗುಂಪು ಗುಂಪಿಗೂ ಗೊತ್ತಾದ ಬೋಗಿ, ಗೊತ್ತಾದ ಮೂಲೆ. ಮೈಸೂರಿನಲ್ಲಿ ಹತ್ತಿದವರು ಮಂಡ್ಯದ ಗೆಳೆಯನಿಗೆ ಕರ್ಚೀಫು ಹಾಸಿ ಸೀಟು ಹಿಡಿದಿರುತ್ತಾರೆ. ಡಬ್ಬಿಯ ಇಡ್ಲಿ ಹಂಚಿಕೆಯಾಗುತ್ತದೆ, ತುಟ್ಟಿಭತ್ಯೆಯ ಚರ್ಚೆ ನಡೆಯುತ್ತದೆ, ರಾಮನಗರ ದಾಟುವ ಹೊತ್ತಿಗೆ ಅರ್ಧ ಬೋಗಿ ನಿದ್ದೆ ಹೊಡೆಯುತ್ತದೆ. ಸಂಬಳ ಬೆಂಗಳೂರಿನದು, ಸಂಸಾರ ಮೈಸೂರಿನದು. ದಿನಕ್ಕೆ ಐದಾರು ಗಂಟೆ ಹಳಿಯ ಮೇಲೆ ಕಳೆದರೂ ಅವರ ಲೆಕ್ಕದಲ್ಲಿ ಅದು ಲಾಭವೇ.

2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದ 119 ಕಿಲೋಮೀಟರಿನ ದಶಪಥ ಹೆದ್ದಾರಿ ಈ ಲೆಕ್ಕವನ್ನು ಕಾರು ಇದ್ದವರಿಗೆ ಬದಲಿಸಿತು. ಮೂರು ತಾಸಿನ ದಾರಿ ಒಂದೂವರೆಯಾಯಿತು. ಮೈಸೂರಿನ ರಿಂಗ್ ರಸ್ತೆಯ ಸುತ್ತ ಸೈಟಿನ ಬೋರ್ಡುಗಳು ಬೆಂಗಳೂರಿನವರಿಗೆ ಕೈ ಬೀಸತೊಡಗಿದವು. ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಅದೇ ವರ್ಷ ಆಗಸ್ಟಿನಿಂದ ಮುಖ್ಯ ಪಥದಿಂದ ಹೊರಗಿಟ್ಟರು. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಮದ್ದೂರಿನ ವಡೆ ಮಾರುತ್ತಿದ್ದ ಹಳೆ ರಸ್ತೆಯ ಅಂಗಡಿಗಳು ಬೈಪಾಸಿನಾಚೆ ಉಳಿದವು. ಎರಡು ದೊಡ್ಡ ಊರು ಹತ್ತಿರವಾದರೆ ನಡುವಿನ ಸಣ್ಣ ಊರುಗಳು ದೂರವಾಗುತ್ತವೆ ಎಂಬುದನ್ನು ಯಾವ ಸೂಚ್ಯಂಕವೂ ಅಳೆದಿಲ್ಲ.

ಆ ಹೆದ್ದಾರಿ ಉದ್ಘಾಟಿಸಿದ ದಿನವೇ ಪ್ರಧಾನಿ ಹುಬ್ಬಳ್ಳಿಗೂ ಹೋಗಿ 1,507 ಮೀಟರಿನ ರೈಲ್ವೆ ಪ್ಲಾಟ್‌ಫಾರ್ಮನ್ನೂ ಧಾರವಾಡದ ಐಐಟಿಯನ್ನೂ ಉದ್ಘಾಟಿಸಿದರು. ಹುಬ್ಬಳ್ಳಿ–ಧಾರವಾಡದ ಮಂದಿ ಬೆಂಗಳೂರಿನೊಡನೆ ಗುದ್ದಾಡಿ ಪಡೆದದ್ದರ ಪಟ್ಟಿ ಚಿಕ್ಕದೇನಲ್ಲ. 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಗೆ ಬಂತು. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಧಾರವಾಡ ಮತ್ತು ಕಲಬುರಗಿಗೆ ಬಂದವು, 2013ರಲ್ಲಿ ಕಾಯಂ ಆದವು. ಅದಕ್ಕೂ ಮುಂಚೆ ಒಂದು ಹೊಲದ ತಕರಾರಿಗೆ ಔರಾದಿನ ರೈತ ರಾತ್ರಿಯಿಡೀ ಪ್ರಯಾಣ ಮಾಡಿ, ಬೆಳಗ್ಗೆ ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆದು, ಹೈಕೋರ್ಟಿನಲ್ಲಿ ಮುಂದಿನ ತಾರೀಖು ತೆಗೆದುಕೊಂಡು ಮತ್ತೆ ರಾತ್ರಿ ಬಸ್ಸು ಹತ್ತಬೇಕಿತ್ತು. ಬೆಳಗಾವಿಗೆ 2012ರಲ್ಲಿ ಸುವರ್ಣ ವಿಧಾನಸೌಧ ಸಿಕ್ಕಿತು. ಅಲ್ಲಿ ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಕೆಲವು ದಿನ ಅಧಿವೇಶನ. ಉಳಿದ ತಿಂಗಳು ಆ ಭವ್ಯ ಕಟ್ಟಡವನ್ನು ಏನು ಮಾಡುವುದೆಂಬ ಚರ್ಚೆಯೇ ಒಂದು ಅಧಿವೇಶನದಷ್ಟಿದೆ.

ಅವಳಿ ನಗರದ ಒಳಗೂ ಜಿದ್ದಿದೆ ಎಂಬುದು ಹೊರಗಿನವರಿಗೆ ಸೋಜಿಗ. ಇಪ್ಪತ್ತು ಕಿಲೋಮೀಟರಿನ ಅಂತರದ ಎರಡು ಊರುಗಳನ್ನು 1962ರಲ್ಲಿ ಒಂದೇ ಪಾಲಿಕೆ ಮಾಡಿದರು. ಧಾರವಾಡದವರ ತಕರಾರು: ವಿಶ್ವವಿದ್ಯಾಲಯ, ಸಂಗೀತ, ಸಾಹಿತ್ಯ ನಮ್ಮದು, ತೆರಿಗೆಯ ರೊಕ್ಕ ಮಾತ್ರ ಹುಬ್ಬಳ್ಳಿಯ ಗಟಾರಿಗೆ. ಹುಬ್ಬಳ್ಳಿಯವರ ಉತ್ತರ: ಪೇಢಾ ತಿನ್ಕೋತ ಕವಿತಾ ಓದ್ರಿ, ದುಡಿಯೂದು ನಾವು. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ಸಚಿವ ಸಂಪುಟ ಒಪ್ಪಿತು.

ಆದರೆ ಅಲ್ಲಿ ಬದುಕುವವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ‘ನಳಾ ಬಂತೇನ್ರಿ?’ ಎಂಬುದು. ಮಲಪ್ರಭೆಯ ನೀರು ಎಷ್ಟೋ ಓಣಿಗಳಿಗೆ ವರ್ಷಗಟ್ಟಲೆ ಬಂದದ್ದು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಅದಕ್ಕೂ ತಡವಾಗಿ. ಮನೆ ನೋಡಲು ಬಂದ ಬಾಡಿಗೆದಾರ ಮೊದಲು ಕೇಳುವುದು ಸಿಂಟೆಕ್ಸ್ ಟಾಕಿ ಎಷ್ಟು ಲೀಟರಿನದು ಅಂತ. ತಮಾಷೆಯೆಂದರೆ 2008ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಕೊಟ್ಟು ತೋರಿಸಲಾಯಿತು. ದೇಶದ ಮಹಾನಗರಗಳೇ ಬಂದು ನೋಡಿಕೊಂಡು ಹೋಗುವಂಥ ಪ್ರಯೋಗ ಅದು. ಪಕ್ಕದ ವಾರ್ಡಿನವರು ನೋಡುತ್ತಲೇ ಉಳಿದರು.

ಬೆಂಗಳೂರಿನ ನೀರಿನ ಕತೆ ಇನ್ನೂ ವಿಚಿತ್ರ. ನೂರು ಕಿಲೋಮೀಟರು ದೂರದ ಕಾವೇರಿಯನ್ನು ಗುಡ್ಡ ಹತ್ತಿಸಿ ತರುವ ಕೆಲಸ 1974ರಿಂದ ನಡೆದಿದೆ. 2007ರಲ್ಲಿ ಪಾಲಿಕೆಗೆ ಸೇರಿಸಿಕೊಂಡ 110 ಹಳ್ಳಿಗಳಿಗೆ ಆ ನೀರು ಕೊಡುವ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷ ಮಾರ್ಚಿನಲ್ಲಿ ನಗರದ ಹದಿನಾಲ್ಕು ಸಾವಿರದಷ್ಟು ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಒಣಗಿದ್ದವು. ಕೋಟಿ ರೂಪಾಯಿಯ ಫ್ಲ್ಯಾಟುಗಳಲ್ಲಿ ಟ್ಯಾಂಕರಿಗೆ ಕಾಯುತ್ತ ಕುಳಿತವರನ್ನು ಟಿವಿಯಲ್ಲಿ ನೋಡಿ ಹುಬ್ಬಳ್ಳಿಯ ಗೃಹಿಣಿಯರು ಎಂಟು ದಿನ ನೀರು ಹಿಡಿದಿಡುವ ವಿದ್ಯೆ ಹೇಳಿಕೊಡಬಹುದಿತ್ತು.

ಕರಾವಳಿಯ ದೂರು ಬೇರೆ ಬಗೆಯದು. ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್ ಐದೂ ಹುಟ್ಟಿದ್ದು 1906ರಿಂದ 1931ರ ನಡುವೆ, ಮಂಗಳೂರು–ಉಡುಪಿಯಲ್ಲಿ. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾದ ಪಾಲಾಯಿತು. 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬೋರ್ಡುಗಳೂ ಇಳಿದವು. ಕೇಂದ್ರ ಕಚೇರಿಯನ್ನು ಮಂಗಳೂರಿನಲ್ಲೇ ಉಳಿಸಿಕೊಂಡದ್ದು ಖಾಸಗಿಯಾದ ಕರ್ಣಾಟಕ ಬ್ಯಾಂಕ್. ಕಾಲೇಜು, ಆಸ್ಪತ್ರೆ, ಬಂದರು, ವಿಮಾನ ಎಲ್ಲ ಇದ್ದೂ ಪದವಿ ಮುಗಿಸಿದ ಹುಡುಗರು ಶಿರಾಡಿ ಘಾಟಿ ಹತ್ತುತ್ತಾರೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ಮುಚ್ಚಿದಾಗ ಮಾತ್ರ ಊರಿಗೂ ಬೆಂಗಳೂರಿಗೂ ಎಷ್ಟು ದೂರವೆಂಬುದು ನೆನಪಾಗುತ್ತದೆ.

ರಾಯಚೂರಿನವರಿಗಂತೂ ಸಮಾಧಾನ ಹೇಳುವುದೇ ಕಷ್ಟ. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು. ರಾಯಚೂರಿಗೆ ಐಐಟಿ ಕೊಡಬೇಕೆಂದು ಸಮಿತಿ ಶಿಫಾರಸು ಮಾಡಿತ್ತು. ಐಐಟಿ 2016ರಲ್ಲಿ ಧಾರವಾಡಕ್ಕೆ ಹೋಯಿತು. ಏಮ್ಸ್ ಆದರೂ ಬರಲಿ ಎಂದು ರಾಯಚೂರಿನ ಜನ 2022ರ ಮೇ ತಿಂಗಳಲ್ಲಿ ಧರಣಿ ಕೂತರು; ಅದು ಸಾವಿರ ದಿನ ದಾಟಿತು. ಉತ್ತರದ ಸಿಟ್ಟೆಲ್ಲ ಬೆಂಗಳೂರಿನ ಮೇಲೆ ಎಂದು ತಿಳಿದವರು ರಾಯಚೂರಿಗೆ ಹೋಗಿ ಧಾರವಾಡದ ಮಾತೆತ್ತಿ ನೋಡಬೇಕು.

‘ಎಲ್ಲಿ ಇರುವುದು ಚೆನ್ನ’ ಎಂಬ ಪ್ರಶ್ನೆಯನ್ನು ಯಾದಗಿರಿಯ ತಾಂಡಾಗಳಲ್ಲಿ ಯಾರೂ ಕೇಳುವುದಿಲ್ಲ. ಅಲ್ಲಿನ ಪ್ರಶ್ನೆ ‘ಈ ವರ್ಷ ಗುಳೇ ಎಲ್ಲಿಗೆ?’ ಸುಗ್ಗಿ ಮುಗಿದೊಡನೆ ಮನೆಗೆ ಬೀಗ ಹಾಕಿ, ಮುದುಕರನ್ನೂ ಶಾಲೆ ಓದುವ ಒಂದಿಬ್ಬರು ಮಕ್ಕಳನ್ನೂ ಬಿಟ್ಟು ಕುಟುಂಬಗಳು ಹೊರಡುತ್ತವೆ: ಪುಣೆ, ಮುಂಬೈ, ಗೋವಾ, ಹೈದರಾಬಾದ್, ಬೆಂಗಳೂರು. ಮೇಸ್ತ್ರಿ ಮುಂಗಡ ಕೊಟ್ಟ ಕಡೆಗೆ ಪಯಣ. ಬೆಂಗಳೂರಿನ ಅಪಾರ್ಟ್‌ಮೆಂಟ್ ಏಳುವ ಜಾಗದ ಪಕ್ಕ ತಗಡಿನ ಶೆಡ್ಡು, ನೀಲಿ ತಾಡಪಾಲು, ಸಿಮೆಂಟು ಚೀಲದ ಮರೆಯ ಬಚ್ಚಲು. ಅದೇ ಕಟ್ಟಡ ಮುಗಿದ ಮೇಲೆ ಅಲ್ಲಿಗೆ ಬಂದು ಇರುವವರು ನಗರ ಸೂಚ್ಯಂಕಗಳ ಬಗ್ಗೆ ಚರ್ಚಿಸುತ್ತಾರೆ.

ಆ ಅಪಾರ್ಟ್‌ಮೆಂಟಿನವರ ಕಷ್ಟವೂ ಸುಳ್ಳಲ್ಲ. ಹಾಸನದಿಂದಲೋ ಗದಗಿನಿಂದಲೋ ಹೊಸದಾಗಿ ಕೆಲಸ ಸಿಕ್ಕಿ ಬಂದ ಹುಡುಗಿಗೆ ಬೆಂಗಳೂರು ಮೊದಲು ಪರಿಚಯವಾಗುವುದು ‘ಅಡ್ವಾನ್ಸ್’ ಎಂಬ ರೂಪದಲ್ಲಿ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಡುವ ಪದ್ಧತಿ ಇಲ್ಲಿ ದಶಕಗಳಿಂದ ಬಂದದ್ದು. ಎರಡು ತಿಂಗಳಿಗಿಂತ ಹೆಚ್ಚು ಇಡಿಸಿಕೊಳ್ಳಬಾರದು ಎಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ, ಆದರೆ ಓನರ್ ಆಂಟಿಯ ಮುಂದೆ ಅದನ್ನು ಓದಿ ಹೇಳಿದವರಿಗೆ ಮನೆ ಸಿಗುವುದಿಲ್ಲ. ಅಷ್ಟು ದುಡ್ಡು ಇಲ್ಲದವರು ಪಿಜಿ ಸೇರುತ್ತಾರೆ. ಇನ್ನೂ ಹೆಚ್ಚು ಇದ್ದವರು ಭೋಗ್ಯಕ್ಕೆ ಮನೆ ಹಿಡಿಯುತ್ತಾರೆ. ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡೇ ಉಳಿದದ್ದು ಕೈಗೆ ಬರುವುದು.

ಆದರೂ ಅವಳು ಇರುತ್ತಾಳೆ. ಹುಬ್ಬಳ್ಳಿಯಲ್ಲಿ ಈ ಕೆಲಸ ಹೋದರೆ ಇಂಥದ್ದೇ ಇನ್ನೊಂದು ಸಿಗುವುದು ಕಷ್ಟ; ಇಲ್ಲಿ ನಾಲ್ಕು ಬಸ್ ಸ್ಟಾಪಿನಾಚೆ ಇನ್ನೊಂದು ಕಂಪನಿ. ರಾತ್ರಿ ಒಂಬತ್ತಕ್ಕೆ ಒಬ್ಬಳೇ ಊಟ ಮಾಡಿದರೆ ಯಾರೂ ತಿರುಗಿ ನೋಡುವುದಿಲ್ಲ, ಜಾತಿ ಕೇಳುವವರು ಊರಿಗಿಂತ ಕಡಿಮೆ. ದಲಿತ ಕೇರಿಯಿಂದ ಬಂದವರಿಗೆ, ಗಂಡನ ಮನೆ ಬಿಟ್ಟು ಬಂದವರಿಗೆ ಈ ಅಪರಿಚಿತತನದ ಬೆಲೆ ಹತ್ತು ತಿಂಗಳ ಅಡ್ವಾನ್ಸಿಗಿಂತ ಹೆಚ್ಚು. ‘ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು’ ಎಂದು ಸಣ್ಣ ಊರಿನ ಪರ ವಾದಿಸುವವರು ಅದೇ ಮಾತು ಕೆಲವರಿಗೆ ಬೆದರಿಕೆಯಾಗಿ ಕೇಳಿಸುತ್ತದೆ ಎಂಬುದನ್ನು ಮರೆಯುತ್ತಾರೆ. ಇದಕ್ಕೂ ಯಾವ ಪಟ್ಟಿಯಲ್ಲೂ ಅಂಕವಿಲ್ಲ.

ಶುಕ್ರವಾರ ರಾತ್ರಿ ಆನಂದರಾವ್ ವೃತ್ತದಲ್ಲಿ ನಿಂತರೆ ರಾಜ್ಯದ ನಕ್ಷೆಯೇ ಬಸ್ಸು ಹತ್ತುವುದು ಕಾಣುತ್ತದೆ. ‘ಹುಬ್ಳಿ ಹುಬ್ಳಿ’, ‘ಗುಲ್ಬರ್ಗ ಸ್ಲೀಪರ್’, ‘ಕುಂದಾಪ್ರ ಉಡುಪಿ’ ಎಂದು ಏಜೆಂಟರು ಕೂಗುತ್ತಿರುತ್ತಾರೆ. ದೀಪಾವಳಿಯ ಹಿಂದಿನ ದಿನವಾದರೆ ಟಿಕೆಟಿನ ದರ ವಿಮಾನಕ್ಕೆ ಪೈಪೋಟಿ ಕೊಡುತ್ತದೆ. ಸೋಮವಾರ ನಸುಕಿನಲ್ಲಿ ಅದೇ ಬಸ್ಸುಗಳು ತುಮಕೂರು ರಸ್ತೆಯಲ್ಲಿ ಸಾಲುಗಟ್ಟಿ, ಗೊರಗುಂಟೆಪಾಳ್ಯದಲ್ಲಿ ತೂಕಡಿಸುತ್ತಾ ಒಳಗೆ ಬರುತ್ತವೆ.

ಬೆಂಗಳೂರಿನೊಡನೆ ಸೆಣಸುವುದಕ್ಕಿಂತ ಅದರಲ್ಲಿ ಪಾಲು ಪಡೆಯುವುದೇ ಮೇಲು ಎಂಬ ಲೆಕ್ಕಾಚಾರ ಈಗ ಸುತ್ತಲ ಊರುಗಳದು. ಬೆಂಗಳೂರು ವಿಮಾನ ನಿಲ್ದಾಣದ ಒಪ್ಪಂದದ ಪ್ರಕಾರ 2033ರವರೆಗೆ 150 ಕಿಲೋಮೀಟರಿನೊಳಗೆ, ಮೈಸೂರು ಮತ್ತು ಹಾಸನ ಬಿಟ್ಟು, ಹೊಸ ನಿಲ್ದಾಣ ಬರುವಂತಿಲ್ಲ. ಆದರೆ ಎರಡನೇ ನಿಲ್ದಾಣ ಎಲ್ಲಿ ಎಂಬ ಎಳೆದಾಟ ಈಗಲೇ ಜೋರಾಗಿದೆ. ಕನಕಪುರ ರಸ್ತೆಯವರಿಗೆ ಅಲ್ಲಿ ಬೇಕು, ತುಮಕೂರಿನವರಿಗೆ ನೆಲಮಂಗಲದ ಕಡೆ ಬೇಕು. ಗಡಿಯಾಚೆ ತಮಿಳುನಾಡು ಸರ್ಕಾರ 2024ರ ಜೂನ್‌ನಲ್ಲಿ ಹೊಸೂರಿನಲ್ಲೇ ಎರಡು ಸಾವಿರ ಎಕರೆಯ ನಿಲ್ದಾಣ ಕಟ್ಟುವುದಾಗಿ ಘೋಷಿಸಿತು. ಎಲೆಕ್ಟ್ರಾನಿಕ್ ಸಿಟಿಯಿಂದ ದೇವನಹಳ್ಳಿಗಿಂತ ಹೊಸೂರೇ ಹತ್ತಿರ ಎಂಬುದು ಅದರ ಹಿಂದಿನ ಗಣಿತ.

ಎಲ್ಲಕ್ಕಿಂತ ಮುಂದೆ ಹೋದದ್ದು ರಾಮನಗರ. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ಜಿಲ್ಲೆಯಾದ, ರೇಷ್ಮೆಗೂಡಿನ ಮಾರುಕಟ್ಟೆಗೂ ‘ಶೋಲೆ’ಯ ಬಂಡೆಗಳಿಗೂ ಹೆಸರಾದ ಊರು. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಆ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಮರುನಾಮಕರಣ ಮಾಡಲು ಒಪ್ಪಿತು. ಹೂಡಿಕೆ ಬರುತ್ತದೆ, ಜಮೀನಿಗೆ ಬೆಲೆ ಬರುತ್ತದೆ ಎಂಬುದು ಶಿವಕುಮಾರ್ ವಾದ. ಊರಿನ ಗುರುತು ಅಳಿಸುತ್ತಾರೆ ಎಂಬುದು ಕುಮಾರಸ್ವಾಮಿ ಅವರ ಸಿಟ್ಟು. ಮಾಗಡಿ, ಚನ್ನಪಟ್ಟಣ, ಕನಕಪುರ, ಹಾರೋಹಳ್ಳಿ ತಾಲ್ಲೂಕುಗಳೆಲ್ಲ ಈಗ ಕಾಗದದ ಮೇಲೆ ಬೆಂಗಳೂರು ದಕ್ಷಿಣ. ಜಿಲ್ಲಾಧಿಕಾರಿ ಕಚೇರಿ ಮಾತ್ರ ರಾಮನಗರದಲ್ಲೇ ಇದೆ.